ಬಂಧ ಮುರಿದರೆ ಶಕ್ತಿ ಬರುತ್ತಾ, ಹೋಗುತ್ತಾ?

ಪ್ರಶ್ನೆ (ವಿದ್ಯಾರ್ಥಿನಿ): ನಮಸ್ತೆ ಮೇಡಂ. ಬಂಧ ಮುರಿಯಬೇಕಾದರೆ ಶಕ್ತಿ ಕೊಡಬೇಕು ಅಂತ ಕೆಮಿಸ್ಟ್ರಿ ಸರ್ ಹೇಳುತ್ತಾರೆ. ಬಯಾಲಜಿ ಪುಸ್ತಕದಲ್ಲಿ ನೋಡಿದರೆ, ಎಟಿಪಿಯ (ಕೋಶ ತನ್ನ ಕೆಲಸಗಳಿಗೆ ಬಳಸುವ ಶಕ್ತಿಯ ಅಣು) ಕೊನೆಯ ಫಾಸ್ಫೇಟ್ ಬಂಧ ಮುರಿದಾಗ ಶಕ್ತಿ ಬಿಡುಗಡೆಯಾಗುತ್ತದೆ ಅಂತಿದೆ. ಎರಡರಲ್ಲಿ ಒಂದು ತಪ್ಪಿರಬೇಕು ಅಲ್ವಾ? ಕ್ಲಾಸಲ್ಲಿ ಕೇಳಿದ್ದಕ್ಕೆ "ಅದು ಹೈ ಎನರ್ಜಿ ಬಾಂಡ್, ಅದೇ ಬೇರೆ" ಅಂದರು. ಸಮಾಧಾನ ಆಗಲಿಲ್ಲ.

ಉತ್ತರ (ಜೀವರಸಾಯನ ಅಧ್ಯಾಪಕಿ): ಸಮಾಧಾನ ಆಗದೇ ಇದ್ದದ್ದೇ ಒಳ್ಳೆಯದಾಯಿತು. ನಿನ್ನ ಕೆಮಿಸ್ಟ್ರಿ ಸರ್ ಹೇಳಿದ್ದು ಸರಿ. ಯಾವ ಬಂಧವನ್ನು ಮುರಿಯುವುದಕ್ಕೂ ಶಕ್ತಿ ಖರ್ಚಾಗುತ್ತದೆ. ಎಟಿಪಿಗೆ ವಿನಾಯಿತಿ ಏನೂ ಇಲ್ಲ. ಬಯಾಲಜಿ ಪುಸ್ತಕ ಅರ್ಧ ಮಾತು ಹೇಳಿ ನಿಲ್ಲಿಸಿದೆ, ಅಷ್ಟೆ.

ಎಟಿಪಿಯಲ್ಲಿ ಮೂರು ಫಾಸ್ಫೇಟ್ ಗುಂಪುಗಳು ಸಾಲಾಗಿ ಕೂತಿವೆ. ಮೂರಕ್ಕೂ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂಡುತ್ತಲೇ ಇರುತ್ತವೆ. ನೀರು ಬಂದು ಸೇರಿದಾಗ ಕೊನೆಯದು ಕಳಚಿಕೊಳ್ಳುತ್ತದೆ (ಇದೇ ಜಲವಿಭಜನೆ). ಅಲ್ಲಿ ಹಳೆಯ ಬಂಧ ಹೋಗುತ್ತದೆ, ಹೊಸ ಬಂಧಗಳು ಕೂಡುತ್ತವೆ. ಬಿಡಿಯಾದ ಫಾಸ್ಫೇಟ್ ಮೊದಲಿಗಿಂತ ನೆಮ್ಮದಿಯಾಗಿರುತ್ತದೆ, ನೀರಿನ ಅಣುಗಳು ಅದನ್ನು ಸುತ್ತುವರಿಯುತ್ತವೆ. ಮುರಿಯಲು ಕೊಟ್ಟದ್ದಕ್ಕಿಂತ ಹೊಸದಾಗಿ ಕೂಡಿದ್ದರಿಂದ ಸಿಕ್ಕಿದ್ದು ಜಾಸ್ತಿ. ಕೊಟ್ಟದ್ದು ಕಳೆದು ಉಳಿದದ್ದನ್ನೇ ಪುಸ್ತಕ "ಬಿಡುಗಡೆಯಾದ ಶಕ್ತಿ" ಅನ್ನುತ್ತದೆ.

ಆದರೆ ಇದೂ ಪೂರ್ತಿ ಕಥೆಯಲ್ಲ. ಪಠ್ಯದಲ್ಲಿ ಒಂದು ಮೋಲ್ ಎಟಿಪಿಗೆ 30.5 ಕಿಲೋಜೂಲ್ ಅಂತ ಕೊಟ್ಟಿರುತ್ತಾರೆ. ಜೀವಂತ ಕೋಶದೊಳಗೆ ಅದೇ ಎಟಿಪಿಯಿಂದ ಸುಮಾರು 50 ಕಿಲೋಜೂಲ್ ಸಿಗುತ್ತದೆ. ಅಣು ಅದೇ, ಬಂಧವೂ ಅದೇ. ಹಾಗಾದರೆ ಹೆಚ್ಚಿನ 20 ಎಲ್ಲಿಂದ ಬಂತು?

ಹೀಗೆ ಯೋಚಿಸು. ಒಂದು ಬಾಟಲಿಯಲ್ಲಿ ಎಟಿಪಿಯನ್ನೂ ಅದನ್ನು ಒಡೆಯುವ ಕಿಣ್ವವನ್ನೂ ಹಾಕಿ ಮುಚ್ಚಿಡು. ಸ್ವಲ್ಪ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಎಟಿಪಿಯೂ ಒಂದು ಫಾಸ್ಫೇಟ್ ಕಳೆದುಕೊಂಡು ಎಡಿಪಿ ಆಗಿಬಿಡುತ್ತದೆ. ಎಲ್ಲೋ ಒಂದಿಷ್ಟು ಎಟಿಪಿ ಮಾತ್ರ ಉಳಿಯುತ್ತದೆ. ಆ ಉಳಿದ ಎಟಿಪಿಯಲ್ಲೂ ಅದೇ "ಹೈ ಎನರ್ಜಿ ಬಾಂಡ್" ಇದೆ. ಆದರೆ ಅದರಿಂದ ಒಂದು ಚೂರು ಕೆಲಸವನ್ನೂ ಮಾಡಿಸಲು ಆಗುವುದಿಲ್ಲ. ಒಡೆಯುವುದೂ ಮತ್ತೆ ಕೂಡುವುದೂ ಸಮನಾಗಿ, ಬಾಟಲಿ ಸಮತೋಲಕ್ಕೆ ಬಂದುಬಿಟ್ಟಿದೆ. ಕೋಶ ಮಾತ್ರ ಆ ಸಮತೋಲಕ್ಕೆ ಬರಲು ಬಿಡುವುದೇ ಇಲ್ಲ. ಎಟಿಪಿಯ ಪಾಲನ್ನು ಸಮತೋಲದಲ್ಲಿ ಇರಬೇಕಾದ್ದಕ್ಕಿಂತ ಕೋಟಿಗಟ್ಟಲೆ ಪಟ್ಟು ಮೇಲೆ ಹಿಡಿದಿಟ್ಟಿರುತ್ತದೆ. ಎಟಿಪಿಯ ದಮ್ಮು ಇರುವುದು ಆ ಅಂತರದಲ್ಲಿ.

"ಹೈ ಎನರ್ಜಿ ಬಾಂಡ್" ಅನ್ನುವ ಮಾತು ಜೀವರಸಾಯನ ವಿಜ್ಞಾನಿ ಫ್ರಿಟ್ಜ್ ಲಿಪ್‌ಮನ್ 1941ರಲ್ಲಿ ಬರೆದ ಲೇಖನದಿಂದ ಹರಡಿದ್ದು. ಆ ಬಂಧವನ್ನು ತೋರಿಸಲು ಅವರು ಒಂದು ಅಲೆಯಂಥ ಗೆರೆ ಎಳೆದರು. ನೋಡಲು ಚೆನ್ನಾಗಿತ್ತು, ಎಲ್ಲ ಪುಸ್ತಕಗಳಿಗೂ ಹೋಯಿತು. ಶಕ್ತಿಯೆಲ್ಲ ಆ ಗೆರೆಯೊಳಗೆ ಸುರುಳಿ ಸುತ್ತಿ ಕೂತಿದೆ ಅಂತ ನಾವೆಲ್ಲ ನಂಬಿದೆವು. ನಾನೂ ಓದುವಾಗ ಹಾಗೇ ನಂಬಿದ್ದೆ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಅರ್ಥ ಆಯಿತು ಅನ್ನಿಸುತ್ತಿದೆ. ಆದರೆ ಆ ಅಂತರವನ್ನು ಕೋಶ ಹೇಗೆ ಕಾಪಾಡಿಕೊಳ್ಳುತ್ತದೆ? ಅದಕ್ಕೂ ಶಕ್ತಿ ಬೇಕಲ್ವಾ?

ಉತ್ತರ: ಬೇಕು. ಅದಕ್ಕೇ ಊಟ, ಉಸಿರು ಎರಡೂ ಬೇಕಾಗಿರುವುದು.

ತಿಂದದ್ದರಿಂದ ಕಿತ್ತ ಎಲೆಕ್ಟ್ರಾನುಗಳು ಮೈಟೊಕಾಂಡ್ರಿಯಾದ (ಕೋಶದೊಳಗೆ ಎಟಿಪಿ ತಯಾರಿಸುವ ಭಾಗ) ಒಳಪೊರೆಯಲ್ಲಿ ಕೈಯಿಂದ ಕೈಗೆ ದಾಟುತ್ತಾ ಕೊನೆಗೆ ಆಮ್ಲಜನಕವನ್ನು ಸೇರುತ್ತವೆ. ಅಲ್ಲಿ ನೀರು ಆಗುತ್ತದೆ. (ಸಯನೈಡ್ ತಡೆಯುವುದು ಈ ಕೊನೆಯ ಹೆಜ್ಜೆಯನ್ನೇ. ರಕ್ತದಲ್ಲಿ ಆಮ್ಲಜನಕ ಬೇಕಾದಷ್ಟಿದ್ದರೂ ಕೋಶ ಅದನ್ನು ಬಳಸಲಾರದು.) ಹೀಗೆ ಇಳಿಯುವ ಎಲೆಕ್ಟ್ರಾನುಗಳ ಬಲದಿಂದ ಪೊರೆಯಲ್ಲಿರುವ ಪ್ರೋಟೀನುಗಳು ಪ್ರೋಟಾನುಗಳನ್ನು (ಧನ ವಿದ್ಯುದಂಶದ ಹೈಡ್ರೋಜನ್ ಕಣಗಳು) ಆಚೆಗೆ ಪಂಪ್ ಮಾಡುತ್ತವೆ. ಅಣೆಕಟ್ಟಿನ ಹಿಂದೆ ನೀರು ನಿಂತ ಹಾಗೆ ಅವು ಆಚೆ ತುಂಬಿಕೊಳ್ಳುತ್ತವೆ. ವಾಪಸ್ ಬರಲು ಇರುವ ಮುಖ್ಯ ದಾರಿ ಎಟಿಪಿ ಸಿಂಥೇಸ್ ಎಂಬ ಕಿಣ್ವ. ಪ್ರೋಟಾನುಗಳು ಅದರ ಮೂಲಕ ನುಗ್ಗುವಾಗ ಅದರ ಒಂದು ಭಾಗ ನಿಜವಾಗಿಯೂ ಗರಗರ ತಿರುಗುತ್ತದೆ. ಒಂದು ಸುತ್ತಿಗೆ ಮೂರು ಎಟಿಪಿ.

"ತಿರುಗುತ್ತದೆ" ಅನ್ನುವುದು ಉಪಮೆ ಅಲ್ಲ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಆ ಕಿಣ್ವದ ದಂಡಿಗೆ ಒಂದು ಹೊಳೆಯುವ ಎಳೆ ಅಂಟಿಸಿ, ಅದು ಗಿರಕಿ ಹೊಡೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅವರು ಎಟಿಪಿ ಕೊಟ್ಟು ಉಲ್ಟಾ ತಿರುಗಿಸಿದರು. ಎರಡೂ ಕಡೆ ಓಡುವ ಯಂತ್ರ ಅದು.

ಪೊರೆಯ ಎರಡು ಬದಿಗಳ ನಡುವಿನ ವೋಲ್ಟೇಜ್ ಸುಮಾರು 0.15 ವೋಲ್ಟ್. ಇಷ್ಟೇನಾ ಅನ್ನಿಸಬಹುದು. ಪೊರೆಯ ದಪ್ಪ ಬರೀ 5–6 ನ್ಯಾನೋಮೀಟರ್ ಅನ್ನುವುದನ್ನು ಮರೆಯಬೇಡ. ಮೀಟರಿಗೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ 3 ಕೋಟಿ ವೋಲ್ಟ್ ಆಯಿತು. ಒಣ ಗಾಳಿಯಲ್ಲಿ ಕಿಡಿ ಹಾರಲು ಅದರ ಹತ್ತನೇ ಒಂದು ಭಾಗ ಸಾಕು!

ಪ್ರೋಟಾನುಗಳ ಈ ಅಣೆಕಟ್ಟಿನಿಂದಲೇ ಎಟಿಪಿ ಆಗುತ್ತದೆ ಎಂಬ ವಿಚಾರವನ್ನು ಬ್ರಿಟಿಷ್ ವಿಜ್ಞಾನಿ ಪೀಟರ್ ಮಿಚೆಲ್ 1961ರಲ್ಲಿ ಹೇಳಿದಾಗ ಹೆಚ್ಚಿನವರು ಒಪ್ಪಲಿಲ್ಲ. ಎಲ್ಲರೂ ಎಲೆಕ್ಟ್ರಾನಿಗೂ ಎಟಿಪಿಗೂ ನಡುವೆ ಇರುವ ಯಾವುದೋ ರಾಸಾಯನಿಕವನ್ನು ಹುಡುಕುತ್ತಿದ್ದರು. 1966ರಲ್ಲಿ ಆಂಡ್ರೆ ಜಾಗೆಂಡಾರ್ಫ್ ಮತ್ತು ಅರ್ನೆಸ್ಟ್ ಉರಿಬೆ ಮಾಡಿದ ಪ್ರಯೋಗ ನನಗೆ ತುಂಬ ಇಷ್ಟ. ಕ್ಲೋರೊಪ್ಲಾಸ್ಟುಗಳನ್ನು (ಗಿಡದ ಕೋಶದಲ್ಲಿ ಬೆಳಕು ಹಿಡಿಯುವ ಹಸಿರು ಭಾಗಗಳು) ಕತ್ತಲಲ್ಲಿ ಆಮ್ಲದಲ್ಲಿ ನೆನೆಸಿ, ಥಟ್ಟನೆ ಕ್ಷಾರಕ್ಕೆ ಹಾಕಿದರು. ಬೆಳಕಿಲ್ಲ, ಆದರೂ ಎಟಿಪಿ ತಯಾರಾಯಿತು. ಬೇಕಿದ್ದದ್ದು ಪೊರೆಯ ಒಳಗೂ ಹೊರಗೂ ಪ್ರೋಟಾನುಗಳ ವ್ಯತ್ಯಾಸ, ಅಷ್ಟೆ. ಮಿಚೆಲ್‌ಗೆ 1978ರಲ್ಲಿ ನೊಬೆಲ್ ಬಂತು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಮೇಡಂ, ಸುಸ್ತಿಗೆ ಎಟಿಪಿ ಮಾತ್ರೆ ತೆಗೆದುಕೊಂಡರೆ ಆಗುತ್ತಾ?

ಉತ್ತರ: ನಿಮ್ಮ ಮೈಯಲ್ಲಿ ಈ ಕ್ಷಣಕ್ಕೆ ಇರುವ ಎಟಿಪಿ ಹೆಚ್ಚೆಂದರೆ ನೂರು ಗ್ರಾಂ ಆಸುಪಾಸು. ದಿನವಿಡೀ ತಯಾರಾಗಿ ಖರ್ಚಾಗುವುದು ಹತ್ತಿರಹತ್ತಿರ ನಿಮ್ಮ ತೂಕದಷ್ಟು. ಅದೇ ಅಣು ದಿನಕ್ಕೆ ನೂರಾರು ಸಲ ಮರುಬಳಕೆ ಆಗುತ್ತದೆ. ಪ್ರತಿ ಕೋಶವೂ ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಇದರ ಮುಂದೆ ಒಂದು ಮಾತ್ರೆ ಯಾವ ಲೆಕ್ಕ? ಸುಸ್ತು ಹೋಗುತ್ತಿಲ್ಲ ಅಂದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ (ಓಟಗಾರರು): ಜೋರಾಗಿ ಓಡಿದ ಮಾರನೇ ದಿನ ಕಾಲು ಹಿಡಿದುಕೊಳ್ಳುತ್ತದೆ. ಲ್ಯಾಕ್ಟಿಕ್ ಆಸಿಡ್ ಉಳಿದುಬಿಟ್ಟಿದೆ, ತಿಕ್ಕಿ ಇಳಿಸಬೇಕು ಅಂತ ಕೋಚ್ ಹೇಳುತ್ತಾರೆ.

ಉತ್ತರ: ಲ್ಯಾಕ್ಟೇಟಿನ ಮೇಲೆ ಹೊರಿಸಿದ ಹಳೆಯ ಅಪವಾದ ಇದು. ಓಡಿ ನಿಂತ ಸುಮಾರು ಒಂದು ಗಂಟೆಯಲ್ಲೇ ರಕ್ತದ ಲ್ಯಾಕ್ಟೇಟ್ ಮಾಮೂಲಿ ಮಟ್ಟಕ್ಕೆ ಬಂದಿರುತ್ತದೆ. ಮಾರನೇ ದಿನದ ನೋವಿಗೆ ಕಾರಣ ಸ್ನಾಯುವಿನ ಎಳೆಗಳಿಗೆ ಆದ ಸಣ್ಣಸಣ್ಣ ಪೆಟ್ಟು ಮತ್ತು ಅದರ ರಿಪೇರಿ ಕೆಲಸ.

ಸ್ನಾಯುವಿನಲ್ಲಿ ಕೂಡಿಟ್ಟ ಎಟಿಪಿ ಪೂರ್ತಿ ವೇಗದ ಓಟಕ್ಕೆ ಕೆಲವೇ ಸೆಕೆಂಡು ಸಾಲುತ್ತದೆ. ಅದರ ಬೆನ್ನಿಗೆ ಕ್ರಿಯಾಟಿನ್ ಫಾಸ್ಫೇಟ್ ಇನ್ನೊಂದು ಹತ್ತು ಸೆಕೆಂಡು ಎಳೆಯುತ್ತದೆ. ಆಮೇಲೆ ಗ್ಲೂಕೋಸನ್ನು ಅವಸರದಲ್ಲಿ ಒಡೆಯಬೇಕು. ಹಾಗೆ ಒಡೆಯುತ್ತಲೇ ಇರಲು ಎನ್‌ಎಡಿ ಎಂಬ ಸಹಾಯಕ ಅಣು ತಾನು ಹೊತ್ತ ಎಲೆಕ್ಟ್ರಾನುಗಳನ್ನು ಇಳಿಸಿ ಖಾಲಿಯಾಗಿ ವಾಪಸ್ ಬರಬೇಕು. ಲ್ಯಾಕ್ಟೇಟ್ ತಯಾರಾಗುವುದು ಅದನ್ನು ಖಾಲಿ ಮಾಡಿಕೊಡುವುದಕ್ಕೆ. ಅದು ಕಸವೂ ಅಲ್ಲ. ನಿಮ್ಮ ಹೃದಯ ಅದನ್ನು ಉರಿಸಿ ಶಕ್ತಿ ಪಡೆಯುತ್ತದೆ, ಪಿತ್ತಜನಕಾಂಗ ಅದನ್ನು ಮತ್ತೆ ಗ್ಲೂಕೋಸ್ ಮಾಡುತ್ತದೆ. ತಿಕ್ಕಿಸಿಕೊಳ್ಳಿ, ಹಾಯ್ ಅನ್ನಿಸುತ್ತದೆ. ಲ್ಯಾಕ್ಟೇಟನ್ನು ಮಾತ್ರ ಬೈಯಬೇಡಿ.

ಪ್ರಶ್ನೆ (ಗಿಡ ಬೆಳೆಸುವವರು): ಗಿಡಗಳಿಗೆ ಬೆಳಕಿನಿಂದಲೇ ಎಟಿಪಿ ಸಿಗುತ್ತದಲ್ಲ, ಅವಕ್ಕೆ ಮೈಟೊಕಾಂಡ್ರಿಯಾ ಯಾಕೆ?

ಉತ್ತರ: ಕ್ಲೋರೊಪ್ಲಾಸ್ಟಿನಲ್ಲಿ ಬೆಳಕಿನಿಂದ ಆದ ಎಟಿಪಿ ಬಹುಪಾಲು ಅಲ್ಲೇ ಸಕ್ಕರೆ ಕಟ್ಟಲು ಖರ್ಚಾಗುತ್ತದೆ. ಒಂದು ಇಂಗಾಲದ ಡೈಆಕ್ಸೈಡ್ ಹಿಡಿಯಲು 3 ಎಟಿಪಿ ಬೇಕು. ಬೇರಿಗೆ ಬೆಳಕೇ ಇಲ್ಲ, ರಾತ್ರಿ ಎಲೆಗೂ ಬೆಳಕಿಲ್ಲ. ಆಗೆಲ್ಲ ಆ ಸಕ್ಕರೆಯನ್ನು ಉರಿಸುವುದು ಮೈಟೊಕಾಂಡ್ರಿಯಾ. ಗಿಡ ಹಗಲೂ ಉಸಿರಾಡುತ್ತದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೆ.

ಪ್ರಶ್ನೆ (ಜಿಮ್‌ಗೆ ಹೋಗುವವರು): ಪರಿಚಯದವರೊಬ್ಬರು ಡಿಎನ್‌ಪಿ ಅಂತ ಒಂದು ಪುಡಿ ತೋರಿಸಿದರು. ಮೈಟೊಕಾಂಡ್ರಿಯಾ "ಸೋರುವ" ಹಾಗೆ ಮಾಡಿ ಕೊಬ್ಬು ಕರಗಿಸುತ್ತದಂತೆ. ಹೌದಾ?

ಉತ್ತರ: ಹೌದು, ಸೋರುವ ಹಾಗೆ ಮಾಡುತ್ತದೆ. ದಯವಿಟ್ಟು ಮುಟ್ಟಬೇಡಿ.

ಮೇಲೆ ಅಣೆಕಟ್ಟಿನ ಮಾತು ಬಂತಲ್ಲ. ಡಿಎನ್‌ಪಿ ಆ ಗೋಡೆಯಲ್ಲಿ ಎಲ್ಲೆಂದರಲ್ಲಿ ತೂತು ಹೊಡೆದ ಹಾಗೆ. ಪ್ರೋಟಾನುಗಳು ಸಿಂಥೇಸನ್ನು ಬಿಟ್ಟು ಪೊರೆಯನ್ನೇ ದಾಟಿ ವಾಪಸ್ ಬರುತ್ತವೆ. ಆಹಾರ ಉರಿಯುತ್ತದೆ, ಎಟಿಪಿ ಆಗುವುದಿಲ್ಲ, ಆ ಶಕ್ತಿಯೆಲ್ಲ ಶಾಖವಾಗುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನು ತೂಕ ಇಳಿಸಲು ಮಾರಿದರು. ಜನ ತೆಳ್ಳಗೂ ಆದರು. ಕೆಲವರಿಗೆ ಕಣ್ಣಿಗೆ ಪೊರೆ ಬಂತು, ಕೆಲವರು ಮೈ ಕಾದು ಸತ್ತರು. 1938ರಲ್ಲಿ ನಿಲ್ಲಿಸಿದರು. ಇದಕ್ಕೆ ಪ್ರತ್ಯೌಷಧ ಇಲ್ಲ.

ಸೋರಿಕೆಯನ್ನು ಹದವಾಗಿ ಬಳಸುವ ಕೋಶಗಳೂ ಇವೆ. ನವಜಾತ ಶಿಶುಗಳ ಬೆನ್ನು, ಕತ್ತಿನ ಬಳಿ ಕಂದು ಬಣ್ಣದ ಕೊಬ್ಬು ಇರುತ್ತದೆ. ಅದರ ಮೈಟೊಕಾಂಡ್ರಿಯಾದಲ್ಲಿ ಪ್ರೋಟಾನುಗಳನ್ನು ಬೇಕೆಂದೇ ಒಳಗೆ ಬಿಡುವ ಪ್ರೋಟೀನ್ ಇದೆ. ಮಗು ನಡುಗದೆಯೇ ಮೈ ಬೆಚ್ಚಗಿಟ್ಟುಕೊಳ್ಳುವುದು ಹಾಗೆ. ಅಲ್ಲಿ ಆ ಬಾಗಿಲನ್ನು ಮುಚ್ಚಲು ಬರುತ್ತದೆ. ಪುಡಿ ನುಂಗಿದರೆ ಬರುವುದಿಲ್ಲ.

ಪ್ರಶ್ನೆ (ವಿದ್ಯಾರ್ಥಿನಿ): ಕೊನೆಯದೊಂದು ಮೇಡಂ. ಒಂದು ಗ್ಲೂಕೋಸಿಗೆ 38 ಎಟಿಪಿ ಅಂತ ನಮ್ಮ ಪುಸ್ತಕ. ಅಣ್ಣನ ಪುಸ್ತಕದಲ್ಲಿ 30–32. ಪರೀಕ್ಷೆಗೆ ಯಾವುದು ಬರೆಯಲಿ?

ಉತ್ತರ: ಎಲೆಕ್ಟ್ರಾನು ಹೊತ್ತ ಎನ್‌ಎಡಿಗೆ ಎನ್‌ಎಡಿಎಚ್ ಅನ್ನುತ್ತಾರೆ. ಹಳೆಯ ಲೆಕ್ಕದಲ್ಲಿ ಒಂದು ಎನ್‌ಎಡಿಎಚ್‌ಗೆ ಸರಿಯಾಗಿ 3 ಎಟಿಪಿ ಅಂತ ಹಿಡಿದಿದ್ದರು. ಎಟಿಪಿ ಆಗುವುದು ಪ್ರೋಟಾನುಗಳ ಹರಿವಿನಿಂದ ಅಂತ ಗೊತ್ತಾದ ಮೇಲೆ ಪೂರ್ಣ ಸಂಖ್ಯೆಯೇ ಬರಬೇಕೆಂಬ ಹಟ ಬಿಟ್ಟುಹೋಯಿತು. ಒಂದು ಎನ್‌ಎಡಿಎಚ್ ಸುಮಾರು 10 ಪ್ರೋಟಾನು ಪಂಪ್ ಮಾಡಿಸುತ್ತದೆ. ಒಂದು ಎಟಿಪಿಗೆ, ಸಾಗಣೆ ಖರ್ಚು ಸೇರಿ, ಸುಮಾರು 4 ಬೇಕು. ಅಲ್ಲಿಗೆ 2.5 ಆಯಿತು. ಹೀಗೆ ಕೂಡಿದರೆ 30–32. ಪೊರೆ ತಾನಾಗಿಯೂ ಸ್ವಲ್ಪ ಸೋರುವುದರಿಂದ ನಿಜದಲ್ಲಿ ಅಷ್ಟೂ ಸಿಗುವುದಿಲ್ಲ.

ಪರೀಕ್ಷೆಯಲ್ಲಿ ನಿನ್ನ ಪುಸ್ತಕದಲ್ಲಿರುವ 38 ಬರೆ. ತಿದ್ದುವವರು ಅದನ್ನೇ ನೋಡಿಕೊಂಡು ಮಾರ್ಕ್ಸ್ ಹಾಕುತ್ತಾರೆ, ಸುಮ್ನೆ ಜಗಳ ಬೇಡ. ಮೊದಲ ಪ್ರಶ್ನೆ ಬಂದರೆ "ಬಂಧ ಮುರಿದಾಗ" ಅನ್ನಬೇಡ. "ಎಟಿಪಿಯ ಜಲವಿಭಜನೆಯಿಂದ ಶಕ್ತಿ ದೊರೆಯುತ್ತದೆ" ಅಂತ ಬರೆ. ಬಯಾಲಜಿಯವರೂ ಮಾರ್ಕ್ಸ್ ಕೊಡುತ್ತಾರೆ, ಕೆಮಿಸ್ಟ್ರಿ ಸರ್ ಕೂಡ ಬೈಯುವುದಿಲ್ಲ.