ಪದಚರ್ಚೆ: ಹಾಸ್ಟೆಲಿನ ಬೆಂಕಿ ಫಲಕಗಳು – ‘ಖಾಲಿ ಮಾಡಿ’ ಎನ್ನಬಹುದೆ?

ಕುಂಬಳೆಯಿಂದ

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿಗೆ ಬೆಂಕಿ ಫಲಕಗಳ ಕನ್ನಡ ಬೇಕಾಗಿದೆ. ನಾಲ್ಕು ಅಂತಸ್ತು, ಎರಡು ಮೆಟ್ಟಿಲು, ಒಂದು ಲಿಫ್ಟ್. ಮಲಯಾಳ, ಇಂಗ್ಲಿಷ್ ಆಗಿದೆ. ಕನ್ನಡವನ್ನು ಗುರುವಾರ ಸಂಜೆಯೊಳಗೆ ಅಚ್ಚಿಗೆ ಕೊಡಬೇಕು. ಕರಡು ಹೀಗಿದೆ:

ಎಮರ್ಜೆನ್ಸಿ ಎಕ್ಸಿಟ್ – ತುರ್ತು ನಿರ್ಗಮನ
ಫಯರ್ ಡೋರ್, ಕೀಪ್ ಶಟ್ – ಅಗ್ನಿ ಬಾಗಿಲು, ಸದಾ ಮುಚ್ಚಿರಲಿ
ಫಯರ್ ಎಕ್ಸ್‌ಟಿಂಗ್ವಿಷರ್ – ಬೆಂಕಿ ಆರಿಸುವ ಸಿಲಿಂಡರ್
ಅಸೆಂಬ್ಲಿ ಪಾಯಿಂಟ್ – ಸಭಾ ಸ್ಥಳ
ಅಲಾರಂ ಕೇಳಿದರೆ ಇವ್ಯಾಕ್ಯುಯೇಟ್ – ಕೊಠಡಿ ಖಾಲಿ ಮಾಡಿ

ಕೊನೆಯದು ಮನಸ್ಸಿಗೆ ಒಗ್ಗುತ್ತಿಲ್ಲ. ‘ತೆರವುಗೊಳಿಸಿ’ ಆದೀತೆ?

ಬದಿಯಡ್ಕದಿಂದ

ಎರಡೂ ಬೇಡ. ‘ತೆರವು’ ಈಗ ಒತ್ತುವರಿ ತೆರವಿಗೆ ಅಂಟಿಕೊಂಡ ಮಾತು, ಇನ್ನೊಬ್ಬರು ಬಂದು ಎಬ್ಬಿಸುವ ಕೆಲಸ. ‘ಕೊಠಡಿ ಖಾಲಿ ಮಾಡಿ’ ಅದಕ್ಕಿಂತ ಅಪಾಯ. ಹಾಸ್ಟೆಲಿನಲ್ಲಿ ಅದಕ್ಕೆ ಒಂದೇ ಅರ್ಥ: ಪರೀಕ್ಷೆ ಮುಗಿಯಿತು, ಪೆಟ್ಟಿಗೆ, ಹಾಸಿಗೆ, ಬಕೆಟ್ ಸಮೇತ ಹೊರಡಿ. ವಾರ್ಡನ್ ನೋಟಿಸಿನ ಭಾಷೆ ಅದು. ಅಲಾರಂ ಆದಾಗ ಈ ಫಲಕ ಕಣ್ಣಿಗೆ ಬಿದ್ದರೆ ಕೈ ಮೊದಲು ಬ್ಯಾಗಿಗೆ ಹೋಗುತ್ತದೆ. ಸರ್ಟಿಫಿಕೇಟು, ಫೋನು, ಚಾರ್ಜರು ಎಂದು ಹುಡುಕುವ ಎರಡು ಮೂರು ನಿಮಿಷದಲ್ಲಿ ಕಾರಿಡಾರು ಹೊಗೆಯಿಂದ ತುಂಬಿರುತ್ತದೆ. ಬೆಂಕಿ ಅನಾಹುತಗಳಲ್ಲಿ ಹೆಚ್ಚಿನವರ ಪ್ರಾಣ ತೆಗೆಯುವುದು ಉರಿಯಲ್ಲ, ಹೊಗೆ.

‘ಇವ್ಯಾಕ್ಯುಯೇಟ್’ಗೆ ಒಂದೇ ಪದ ಹುಡುಕುವುದನ್ನು ಬಿಡಿ. ಏನು ಮಾಡಬೇಕೋ ಅದನ್ನು ಹೇಳಿ: ‘ಅಲಾರಂ ಕೇಳಿದರೆ ಎಲ್ಲ ಬಿಟ್ಟು ಹೊರಗೆ ಬನ್ನಿ’. ‘ಹೋಗಿ’ ಬೇಡ, ‘ಬನ್ನಿ’ ಇರಲಿ. ‘ಹೋಗಿ’ ಎಂದರೆ ಅಟ್ಟಿದ ಹಾಗೆ. ‘ಬನ್ನಿ’ ಎಂದರೆ ಹೊರಗೆ ನಿಂತವರು ಕರೆದ ಹಾಗೆ.

‘ಸಿಲಿಂಡರ್’ ಕೂಡ ತೆಗೆಯಿರಿ. ನಮ್ಮಲ್ಲಿ ಸಿಲಿಂಡರ್ ಎಂದರೆ ಅಡುಗೆ ಗ್ಯಾಸು. ಗೋಡೆಯ ಮೇಲೆ ‘ಬೆಂಕಿ’ ಮತ್ತು ‘ಸಿಲಿಂಡರ್’ ಒಟ್ಟಿಗೆ ಕಂಡರೆ ಹೆಣ್ಣುಮಕ್ಕಳು ಹತ್ತಿರ ಬರುವುದಿಲ್ಲ, ದೂರ ಓಡುತ್ತಾರೆ.

ಮುಳ್ಳೇರಿಯದಿಂದ

‘ತುರ್ತು ನಿರ್ಗಮನ’ದಲ್ಲಿ ಕನ್ನಡ ಎಲ್ಲಿದೆ? ಒಂದು ಉತ್ತರದ ಕಡೆಯಿಂದ ಬಂದದ್ದು, ಇನ್ನೊಂದು ಸಂಸ್ಕೃತ. ಮಲಯಾಳದವರು ‘ಪುಱತ್ತೇಕ್ಕುಳ್ಳ ವೞಿ’ ಎಂದು ತಮ್ಮದೇ ಮಾತಿನಲ್ಲಿ ಬರೆದುಕೊಳ್ಳುತ್ತಾರೆ. ಅವರ ಪುಱ ನಮ್ಮ ಪೊಱ, ಈಗಿನ ಹೊರ. ಅವರ ವೞಿ ಹಳಗನ್ನಡದ ಬೞಿ. ಅದು ‘ಬಳಿಕ’ದಲ್ಲಿ ಇನ್ನೂ ಉಸಿರಾಡುತ್ತಿದೆ. ಒಂದೇ ಗೋಡೆಯಲ್ಲಿ ಅವರದು ಮನೆಮಾತು, ನಮ್ಮದು ಕಚೇರಿಮಾತು ಆಗಬೇಕೆ? ಹೊರದಾರಿ ಎನ್ನಿ. ಮುಗಿಯಿತು.

ಬೆಂಕಿಗೆ ಕಿಚ್ಚು. ಹವ್ಯಕರ ಮನೆಗಳಲ್ಲಿ ಇಂದಿಗೂ ಅದೇ ಮಾತು. ಕಿಚ್ಚುಬಾಗಿಲು, ಕಿಚ್ಚಾರಿಕ, ಕೂಡುದಾಣ. ‘ಆರಿಸು’ವಿಗೆ ಅಂಜಬೇಕಾಗಿಲ್ಲ. ಅದು ಆಱಿಸು, ತಣಿಸು ಎಂಬ ಅರ್ಥ. ಹಳಗನ್ನಡದ ಱಕಾರ ಬಿದ್ದುಹೋದದ್ದರಿಂದ ಆಯ್ದುಕೊಳ್ಳುವ ‘ಆರಿಸು’ವಿನ ಜೊತೆ ಬೆರೆಯಿತು. ಮಲಯಾಳದಲ್ಲಿ ಬಿಸಿನೀರು ಈಗಲೂ ‘ಆಱು’ತ್ತದೆ.

ತಾಳವಾಡಿಯಿಂದ

ಕಿಚ್ಚು ಒಪ್ಪತಕ್ಕದ್ದಲ್ಲ. ನಮ್ಮ ಸೀಮೆಯಲ್ಲಿ ಕಿಚ್ಚು ಎಂದರೆ ಸಂಕ್ರಾಂತಿಯ ಸಂಜೆ ಹುಲ್ಲು ಹರಡಿ ಹೊತ್ತಿಸಿ ದನ ಹಾಯಿಸುವ ಬೆಂಕಿ, ಇಲ್ಲವೇ ಹೊಟ್ಟೆಕಿಚ್ಚು. ‘ಕಿಚ್ಚುಬಾಗಿಲು’ ಎಂದರೆ ಹಾಯ್ದು ಹೋಗುವ ಬಾಗಿಲು ಎಂದೇ ಅರ್ಥವಾಗುತ್ತದೆ. ಕಾಪಾಡುವ ಬಾಗಿಲಿಗೆ ಆ ಹೆಸರೆ?

‘ಬೆಂಕಿ’ ಯಾವ ಊರಿಂದ ಬಂತೆಂದು ಬಿಡುತ್ತೀರಿ? ಬೇ, ಬೆಂದು, ಬೇಗೆ, ಬೆಂಕೆ, ಬೆಂಕಿ. ಅಚ್ಚಗನ್ನಡ. ಗಡಿಯ ಮಗುವಿಗೂ ಗೊತ್ತು.

ಅಕ್ಕಲಕೋಟೆಯಿಂದ

‘ತುರ್ತು’ ಸಂಸ್ಕೃತದ ತ್ವರ್ ಧಾತುವಿನ ಬಳಗದ್ದು, ಒಪ್ಪುತ್ತೇನೆ. ಆದರೆ ಇಲ್ಲಿ ಒಂದು ತೊಡಕಿದೆ. ಮರಾಠಿಯಲ್ಲಿ ‘ತೂರ್ತ’ ಎಂದರೆ ‘ಸದ್ಯಕ್ಕೆ’. ಎರಡೂ ಭಾಷೆ ಓದುವ ನಮ್ಮ ಹುಡುಗರು ‘ತುರ್ತು ದ್ವಾರ’ವನ್ನು ಸದ್ಯದ ಮಟ್ಟಿಗಿನ ಬಾಗಿಲು ಎಂದುಕೊಂಡರೆ ಅವರ ತಪ್ಪಲ್ಲ. ಹಾಗೆಂದು ಪದವನ್ನೇ ಕಿತ್ತೆಸೆಯುವುದೂ ಸಲ್ಲ. ಕರ್ನಾಟಕದ ಸರ್ಕಾರಿ ಬಸ್ಸು ಹತ್ತಿದವರೆಲ್ಲ ‘ತುರ್ತು ನಿರ್ಗಮನ’ ಓದಿ ಓದಿ ಕಲಿತಿದ್ದಾರೆ. ಎರವಲು ಬಂದ ಪದ ಇಷ್ಟು ವರ್ಷ ದುಡಿದ ಮೇಲೆ ಮನೆಯದೇ. ಮುಳ್ಳೇರಿಯದವರು ‘ಕಚೇರಿಮಾತು’ ಎಂದು ಜರೆದಿದ್ದಾರಲ್ಲ, ಆ ‘ಕಚೇರಿ’ಯೂ ಎರವಲೇ.

ಮುಳ್ಳೇರಿಯದಿಂದ

ಕಚೇರಿಯನ್ನು ಫಲಕಕ್ಕೆ ಹಾಕಿ ಎಂದು ನಾನು ಹೇಳಲಿಲ್ಲ. ಎರವಲು ಬೇಡವೆಂದೂ ಹೇಳಲಿಲ್ಲ. ಮನೆಯಲ್ಲಿ ಇರುವಾಗ ಸಾಲ ಯಾಕೆ ಎಂದು ಕೇಳಿದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಈ ನೆಲದಲ್ಲಿ ಕನ್ನಡ ಮೂರನೆಯ ಸಾಲಿಗೆ ಬಿದ್ದಿದೆ. ಆ ಮೂರನೆಯ ಸಾಲಾದರೂ ಕನ್ನಡವಾಗಿರಲಿ.

ಮಂಜೇಶ್ವರದಿಂದ

ಮಾಷ್ಟ್ರೇ, ಮೂರನೆಯ ಸಾಲು ಎಂದಿರಲ್ಲ, ತೊಂದರೆ ಇರುವುದೇ ಅಲ್ಲಿ. ಆದರೆ ಅದು ವ್ಯುತ್ಪತ್ತಿಯಿಂದ ತೀರುವ ತೊಂದರೆಯಲ್ಲ. ಫಲಕದ ಎತ್ತರಕ್ಕೆ ಒಂದು ಲೆಕ್ಕವಿದೆ. ಹೊರಗಿನ ಬೆಳಕು ಬಿದ್ದು ಕಾಣುವ ಫಲಕವಾದರೆ ಎತ್ತರದ 100 ಪಟ್ಟು ದೂರದವರೆಗೆ, ಒಳಗೆ ದೀಪವಿರುವುದಾದರೆ 200 ಪಟ್ಟು ದೂರದವರೆಗೆ ಕಾಣುತ್ತದೆ ಎಂದು ಎಣಿಸುತ್ತಾರೆ. 15 ಮೀಟರ್ ಕಾರಿಡಾರಿನ ತುದಿಯಿಂದ ಕಾಣಬೇಕಾದರೆ ದೀಪವಿಲ್ಲದ ಫಲಕ 150 ಮಿಲಿಮೀಟರ್ ಎತ್ತರ ಇರಬೇಕು. ಅದರಲ್ಲಿ ಓಡುವ ಮನುಷ್ಯನ ಚಿತ್ರ, ಬಾಣ, ಮೂರು ಲಿಪಿ. ಕನ್ನಡಕ್ಕೆ ಸಿಗುವುದು ಬೆರಳಗಲ. ಅಷ್ಟರಲ್ಲಿ ಒತ್ತಕ್ಷರ ಬಂದರೆ ಅಚ್ಚಿನವರು ಅಕ್ಷರವನ್ನು ಇನ್ನೂ ಕುಗ್ಗಿಸುತ್ತಾರೆ. ‘ನಿರ್ಗಮನ’ದ ಅರ್ಕಾವೊತ್ತು, ‘ಅಗ್ನಿ’ಯ ನಕಾರದೊತ್ತು ಹೊಗೆಯಲ್ಲಿ ಮೊದಲು ಅಳಿಸಿಹೋಗುವ ಭಾಗ. ‘ಹೊರದಾರಿ’ಯಲ್ಲಿ ಒಂದೂ ಒತ್ತಿಲ್ಲ. ನನ್ನ ಮತ ಅದಕ್ಕೆ, ಕಾರಣ ಇಷ್ಟೇ.

ಹಸಿರು ಹಲಗೆಯಲ್ಲಿ ಬಿಳಿ ಅಕ್ಷರ ಹೊರದಾರಿಗೆ, ಕೆಂಪು ಬೆಂಕಿ ಆರಿಸುವ ಸಲಕರಣೆಗೆ. ಚಂದಕ್ಕೆಂದು ಬಣ್ಣ ಬದಲಿಸಬೇಡಿ. ಹೊಗೆ ಚಾವಣಿಯಿಂದ ಕೆಳಕ್ಕೆ ತುಂಬುತ್ತಾ ಬರುವುದರಿಂದ ಬಾಗಿಲ ಮೇಲಿನ ಫಲಕ ಮೊದಲು ಮರೆಯಾಗುತ್ತದೆ. ಮೊಣಕಾಲೆತ್ತರದಲ್ಲಿ ಗೋಡೆಗೆ ಇನ್ನೊಂದು ಬಾಣ ಹಚ್ಚಿಸಿ, ಬಗ್ಗಿ ಬರುವವರಿಗೆ ಕಾಣುವುದು ಅದೇ. ಕತ್ತಲಲ್ಲಿ ಹೊಳೆಯುವ ಸ್ಟಿಕ್ಕರ್ ಹಾಕುವುದಾದರೆ ಆ ಕಾರಿಡಾರಿನ ದೀಪ ಉರಿಯುತ್ತಿರಬೇಕು. ಬೆಳಕು ಕುಡಿಯದೆ ಅದು ಹೊಳೆಯುವುದಿಲ್ಲ.

ಈಗ ‘ಸದಾ ಮುಚ್ಚಿರಲಿ’. ಇಡೀ ಕರಡಿನಲ್ಲಿ ನನಗೆ ಹೆದರಿಕೆ ಹುಟ್ಟಿಸಿದ ಸಾಲು ಇದು. ಅಂಗಡಿಯ ಮೇಲೆ ‘ಮುಚ್ಚಿದೆ’ ಎಂದಿದ್ದರೆ ಏನರ್ಥ? ಒಳಗೆ ಹೋಗುವ ಹಾಗಿಲ್ಲ. ಕಾವಲುಗಾರ ಇದನ್ನು ಓದಿ ಬೀಗ ಜಡಿಯುತ್ತಾನೆ, ಬೀಗದ ಕೈ ವಾರ್ಡನ್ನಿನ ಮೇಜಿನಲ್ಲಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವುದು ಇದಕ್ಕೆ ತದ್ವಿರುದ್ಧ: ಹೊರದಾರಿಯ ಬಾಗಿಲು ಹೊರಮುಖವಾಗಿ ತೆರೆಯಬೇಕು, ಒಳಗಿನವರು ಬೀಗದ ಕೈ ಇಲ್ಲದೆ ತೆರೆಯುವ ಹಾಗಿರಬೇಕು. ಫಯರ್ ಡೋರನ್ನು ಹಾಕಿಡಬೇಕಾದ್ದು ಹೊಗೆ ಮೆಟ್ಟಿಲಿಗೆ ನುಗ್ಗದಿರಲಿ ಎಂದು. ಇಟ್ಟಿಗೆಯನ್ನೋ ಬಕೆಟನ್ನೋ ಒತ್ತು ಕೊಟ್ಟು ತೆರೆದಿಟ್ಟರೆ ಮೆಟ್ಟಿಲು ಹೊಗೆಗೂಡಾಗುತ್ತದೆ, ಮೇಲಿನ ಮೂರು ಅಂತಸ್ತಿನವರಿಗೆ ಇಳಿಯಲು ದಾರಿ ಉಳಿಯುವುದಿಲ್ಲ. ಹಾಗಾಗಿ ಒಂದು ಕ್ರಿಯಾಪದದಿಂದ ಇಲ್ಲಿ ಕೆಲಸವಾಗದು. ಮಲಯಾಳದಲ್ಲಿ ಅಡಕ್ಕುಗ ಬೇರೆ, ಪೂಟ್ಟುಗ ಬೇರೆ. ನಮ್ಮಲ್ಲೂ ಬಾಗಿಲು ಹಾಕುವುದು ಬೇರೆ, ಬೀಗ ಹಾಕುವುದು ಬೇರೆ. ಎರಡನ್ನೂ ಬರೆಯಿರಿ: ‘ಬಾಗಿಲು ಹಾಕಿರಲಿ. ಬೀಗ, ಚಿಲಕ ಬೇಡ.’ ಅದರ ಕೆಳಗೆ ‘ಒತ್ತು ಕೊಡಬೇಡಿ’.

ಕುಂಭಕೋಣದ ಶಾಲೆಯಲ್ಲಿ 2004ರ ಜುಲೈ 16ರಂದು 94 ಮಕ್ಕಳು ತೀರಿಕೊಂಡರು. ಅಡುಗೆಮನೆಯ ಬೆಂಕಿ ಹುಲ್ಲಿನ ಮಾಡಿಗೆ ಹಿಡಿದದ್ದು, ಇಳಿಯಲು ಇಕ್ಕಟ್ಟಾದ ಮೆಟ್ಟಿಲು. ಹೊರದಾರಿ ಎಂಬ ಪದದ ಹಿಂದೆ ನಿಜವಾದ ದಾರಿ ಇಲ್ಲದಿದ್ದರೆ ಯಾವ ಭಾಷೆಯಲ್ಲಿ ಬರೆದರೂ ಒಂದೇ. ಕುಂಬಳೆಯವರು ಅಚ್ಚಿಗೆ ಕೊಡುವ ಮುಂಚೆ ಎರಡೂ ಮೆಟ್ಟಿಲನ್ನು ಒಮ್ಮೆ ಇಳಿದು ನೋಡಿ. ಎರಡನೆಯದರಲ್ಲಿ ಮುರಿದ ಮಂಚ ಪೇರಿಸಿಡುವುದು ಹಾಸ್ಟೆಲುಗಳಲ್ಲಿ ಸಾಮಾನ್ಯ.

ಬದಿಯಡ್ಕದಿಂದ

ಬಾಗಿಲಿನ ಸಾಲು ಹಾಗೆಯೇ ಇರಲಿ. ಆರಿಸುವ ಸಲಕರಣೆಯ ಮೇಲೆ ನಾಲ್ಕು ಹಂತ ಬರೆಯುತ್ತಾರಲ್ಲ, ಅದರಲ್ಲಿ ‘ಬೀಸಿ’ ಎಂದು ಹಾಕುವುದು ತಪ್ಪು. ಬೆಂಕಿಗೆ ಬೀಸುವುದು ಎಂದರೆ ಗಾಳಿ ಹಾಕುವುದು. ‘ಪಿನ್ನು ಎಳೆಯಿರಿ, ಕೊಳವೆಯನ್ನು ಬೆಂಕಿಯ ಬುಡಕ್ಕೆ ಹಿಡಿಯಿರಿ, ಹಿಡಿ ಒತ್ತಿ, ಅತ್ತಿತ್ತ ಆಡಿಸಿ.’ ಬುಡ ಎಂಬುದು ಮುಖ್ಯ. ಜ್ವಾಲೆಯ ಮೇಲೆ ಹೊಡೆದ ಪುಡಿ ಗಾಳಿಗೆ ಹೋಗುತ್ತದೆ, ಡಬ್ಬದಲ್ಲಿ ಇರುವುದೇ ಕೆಲವು ಸೆಕೆಂಡಿಗೆ ಸಾಲುವಷ್ಟು.

‘ಸಭಾ ಸ್ಥಳ’ ಎಂದರೆ ಶಾಮಿಯಾನ ನೆನಪಾಗುತ್ತದೆ. ‘ಒಟ್ಟು ಸೇರುವ ಜಾಗ’ ಸಾಕು. ಅದು ಗೇಟಿನ ಬಾಯಲ್ಲಿ ಬೇಡ, ಫಯರ್ ಫೋರ್ಸಿನ ಗಾಡಿ ಬರುವುದು ಅಲ್ಲಿಂದಲೇ. ಟ್ರಾನ್ಸ್‌ಫಾರ್ಮರಿನ ಅಡಿಯೂ ಬೇಡ. ಅಲ್ಲಿ ಕೊಠಡಿವಾರು ಹಾಜರಿ ಕೂಗಬೇಕು. ಒಬ್ಬಳು ಕಡಿಮೆಯಾದರೆ ಹುಡುಕಲು ಗೆಳತಿಯರು ಒಳಗೆ ಹೋಗಬಾರದು, ಯಾವ ಕೊಠಡಿಯವಳು ಎಂದು ಗಾಡಿಯವರಿಗೆ ಹೇಳಬೇಕು. ಹಾಗಾಗಿ ಆ ಫಲಕಕ್ಕೆ ಇನ್ನೊಂದು ಸಾಲು: ‘ಹೇಳುವವರೆಗೆ ಒಳಗೆ ಹೋಗಬೇಡಿ’.

ಮುಳ್ಳೇರಿಯದಿಂದ

‘ಜಾಗ’ ಪಾರಸಿ.

ತಾಳವಾಡಿಯಿಂದ

ಇರಲಿ ಬಿಡಿ. ‘ತಾಣ’ವೂ ಸಂಸ್ಕೃತದ ಸ್ಥಾನವೇ, ತದ್ಭವ. ನಿಮ್ಮ ಕೂಡುದಾಣವನ್ನೂ ಹಿಂದಕ್ಕೆ ತೆಗೆದುಕೊಳ್ಳಿ.

ಕುಂಬಳೆಯಿಂದ

ಉಪಕಾರವಾಯಿತು. ಅಚ್ಚಿಗೆ ಹೋಗುವುದು ಇದು:

ಹೊರದಾರಿ
ಬಾಗಿಲು ಹಾಕಿರಲಿ. ಬೀಗ, ಚಿಲಕ ಬೇಡ. ಒತ್ತು ಕೊಡಬೇಡಿ.
ಬೆಂಕಿ ಆರಿಸುವ ಡಬ್ಬ
ಒಟ್ಟು ಸೇರುವ ಜಾಗ. ಹೇಳುವವರೆಗೆ ಒಳಗೆ ಹೋಗಬೇಡಿ.
ಅಲಾರಂ ಕೇಳಿದರೆ ಎಲ್ಲ ಬಿಟ್ಟು ಹೊರಗೆ ಬನ್ನಿ. ಲಿಫ್ಟ್ ಬೇಡ, ಮೆಟ್ಟಿಲು ಇಳಿಯಿರಿ.

‘ಕಿಚ್ಚು’ ಬಿಟ್ಟದ್ದಕ್ಕೆ ಮಾಷ್ಟ್ರು ಬೇಸರಿಸಬಾರದು. ಎರಡನೆಯ ಮೆಟ್ಟಿಲು ಇಳಿದು ನೋಡಿದೆ. ಮಂಚ ಇರಲಿಲ್ಲ. ಕೆಳಗಿನ ಬಾಗಿಲು ಒಳಕ್ಕೆ ತೆರೆಯುತ್ತದೆ, ಅದಕ್ಕೆ ಸರಪಳಿ, ಬೀಗ. ಬಾಗಿಲು ತಿರುಗಿಸಿ ಕೂರಿಸಿ ಸರಪಳಿ ತೆಗೆಯುವವರೆಗೆ ಆ ಮೆಟ್ಟಿಲಿಗೆ ‘ಹೊರದಾರಿ’ ಫಲಕ ಹಚ್ಚುವುದಿಲ್ಲ ಎಂದು ವಾರ್ಡನ್ನಿಗೆ ಬರೆದುಕೊಟ್ಟಿದ್ದೇನೆ.

ಮುಳ್ಳೇರಿಯದಿಂದ

ಬೇಸರವಿಲ್ಲ. ‘ಹೊರದಾರಿ’ ಒಂದೇ ಪದವಾಗಿ ಬರಲಿ, ನಡುವೆ ಜಾಗ ಬಿಡದಂತೆ ಅಚ್ಚಿನವರಿಗೆ ಹೇಳಿ. ಸರಪಳಿ ತೆಗೆದರೋ ಇಲ್ಲವೋ, ಬರೆಯಿರಿ.