ಅದಿರು ನಮ್ಮೂರಿಂದ ಹೋಗುತ್ತೆ, ದುಡ್ಡು ಯಾರಿಗೆ?

ಪ್ರಶ್ನೆ (ಹೊಳಲ್ಕೆರೆ ಕಡೆಯ ರೈತ):
ನಮ್ಮ ಕಡೆಯಿಂದ ಲಾರಿಗಟ್ಟಲೆ ಕಬ್ಬಿಣದ ಅದಿರು ಹೋಗುತ್ತೆ. ರಸ್ತೆ ಪಕ್ಕದ ನಮ್ಮ ತೋಟದಲ್ಲಿ ಅಡಿಕೆ ಗರಿಯೆಲ್ಲ ಕೆಂಪು ಧೂಳು. ಜೋರು ಮಳೆ ಬಂದರೇನೇ ಹಸಿರು ಕಾಣೋದು. ನೆಲದಡಿ ಇಷ್ಟು ಸಂಪತ್ತಿದ್ದೂ ಊರು ಯಾಕೆ ಉದ್ಧಾರ ಆಗಲಿಲ್ಲ?

ದಾವಣಗೆರೆಯ ನಿವೃತ್ತ ಮೇಷ್ಟ್ರು:
ಅದಿರು ಇದ್ದ ಮಾತ್ರಕ್ಕೆ ಯಾವ ದೇಶವೂ ಶ್ರೀಮಂತ ಆಗಲ್ಲ ಕಣಪ್ಪಾ. ಜಪಾನ್ ಅದಿರನ್ನು ಹೊರಗಿಂದ ತರಿಸಿಕೊಂಡೇ ಉಕ್ಕು, ಕಾರು ಮಾಡಿ ಮಾರಿತು. ಜಾಸ್ತಿ ಲಾಭ ಇರೋದು ಆ ಕೆಲಸದಲ್ಲಿ, ಅಗೆಯೋದರಲ್ಲಲ್ಲ. ಇನ್ನು ಹಂಚಿಕೆ ಬೇರೆ ಮಾತು. ನಾರ್ವೆ 1990ರಲ್ಲಿ ಕಾನೂನು ಮಾಡಿ ತೈಲದ ಹಣಕ್ಕೆ ನಿಧಿ ಕಟ್ಟಿತು. ಈಗ ವರ್ಷಕ್ಕೆ ಅದರ ಸುಮಾರು 3% ಮಾತ್ರ ಖರ್ಚು ಮಾಡಬೇಕು ಅನ್ನೋ ನಿಯಮ ಇಟ್ಟುಕೊಂಡಿದೆ. ಉಳಿದದ್ದು ಮುಂದಿನ ಪೀಳಿಗೆಗೆ. ನನಗೆ ಇದೇ ನ್ಯಾಯ ಅನ್ನಿಸುತ್ತೆ.

ಚಿತ್ರದುರ್ಗದ ವಕೀಲೆ:
ನಮ್ಮಲ್ಲೂ ದಾರಿ ಇದೆ ಅಣ್ಣಾ. ಗಣಿ ಕಾನೂನಿಗೆ 2015ರಲ್ಲಿ ಮಾಡಿದ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಅದಿರು ತೆಗೆದಿದ್ದಕ್ಕೆ ಸರ್ಕಾರಕ್ಕೆ ಕಟ್ಟೋ ಹಣಕ್ಕೆ ರಾಜಧನ (ರಾಯಲ್ಟಿ) ಅಂತಾರೆ. ಅದರ ಜೊತೆಗೆ ಹಳೇ ಗಣಿ ಗುತ್ತಿಗೆಯವರು ರಾಜಧನದ 30%, ಹರಾಜಲ್ಲಿ ಪಡೆದವರು 10% ಈ ಪ್ರತಿಷ್ಠಾನಕ್ಕೆ ಕಟ್ಟಬೇಕು. ಗಣಿಯಿಂದ ತೊಂದರೆ ಆದ ಊರಿನ ಕುಡಿಯುವ ನೀರು, ಆಸ್ಪತ್ರೆ, ಶಾಲೆಗೆ ಆ ದುಡ್ಡು. ಸುಮ್ನೆ ಕೂರಬೇಡಿ, ಲೆಕ್ಕ ಕೇಳಿ. ಮಾಹಿತಿ ಹಕ್ಕಿನ ಅರ್ಜಿ ನಾನೇ ಬರೆದುಕೊಡ್ತೀನಿ.

ರೈತ:
ಆಯ್ತು ಅಕ್ಕಾ. ಮೊದಲು ನೀರಿನ ಖರ್ಚಿನ ಲೆಕ್ಕ ಕೇಳೋಣ.