ಮರು: ಡೇಟ್‌ಡಿಫ್ ವಿವರಣೆಗೆ ‘ಅಂತರ’ವೋ ‘ವ್ಯತ್ಯಾಸ’ವೋ?

ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಲೆಕ್ಕದ ಹಾಳೆಯ ತಂತ್ರಾಂಶದಲ್ಲಿ ಎರಡು ದಿನಾಂಕಗಳ ನಡುವಿನ ಕಾಲ ಎಣಿಸುವ ಡೇಟ್‌ಡಿಫ್ ಫಂಕ್ಷನ್‌ನ ವಿವರಣೆಯನ್ನು ಕನ್ನಡಕ್ಕೆ ತರಲು ಈ ಎರಡರಲ್ಲಿ ಯಾವ ಪದ ಅಂತ ಕೇಳಿದ್ದೀರಿ. ಎರಡೂ ಬೇಡ. ‘ತುಂಬಿದ’ ಅಂತ ಹಾಕಿ.

ಅನುವಾದ ಇವತ್ತೇ ಹೋಗಬೇಕು ಅಂದಿದ್ದೀರಿ, ಅದಕ್ಕೆ ಸಾಲು ಮೊದಲು: ‘ಎರಡು ದಿನಾಂಕಗಳ ನಡುವೆ ತುಂಬಿದ ದಿನ, ತಿಂಗಳು ಅಥವಾ ವರ್ಷಗಳ ಸಂಖ್ಯೆಯನ್ನು ಕೊಡುತ್ತದೆ.’

ಕಾರಣ ಇಷ್ಟೇ. ಲಿಬ್ರೆಆಫೀಸ್ ಕ್ಯಾಲ್ಕ್‌ನ ಈ ಫಂಕ್ಷನ್ ಸುಮ್ನೆ ಕಳೆಯುವ ಲೆಕ್ಕ ಅಲ್ಲ. ಬರೀ ದಿನ ಬೇಕಿದ್ದರೆ ಒಂದು ಸೆಲ್‌ನಿಂದ (ಹಾಳೆಯ ಚೌಕದಿಂದ) ಇನ್ನೊಂದನ್ನು ಕಳೆದರೆ ಆಯಿತು, ಒಳಗೆ ಪ್ರತಿ ದಿನಾಂಕವೂ ಒಂದು ಸಂಖ್ಯೆ ತಾನೆ. ತಿಂಗಳು, ವರ್ಷ ಕೇಳಿದರೆ ಮಾತ್ರ ಇದು ಪೂರ್ತಿ ಆದದ್ದನ್ನಷ್ಟೇ ಎಣಿಸುತ್ತದೆ. 2023ರ ಜೂನ್ 1 ಮತ್ತು 2024ರ ಮೇ 31 ಕೊಟ್ಟು ನೋಡಿ. ದಿನ ಕೇಳುವ ‘ಡಿ’ ಸಂಕೇತಕ್ಕೆ 365 ಬರುತ್ತದೆ, ತಿಂಗಳು ಕೇಳುವ ‘ಎಂ’ಗೆ 11, ವರ್ಷ ಕೇಳುವ ‘ವೈ’ಗೆ 0. ನಡುವೆ ಫೆಬ್ರವರಿ 29 ಇದೆ, ಕೊನೆಯ ದಿನವನ್ನು ಅದು ಸೇರಿಸಿಕೊಳ್ಳುವುದಿಲ್ಲ, ಹಾಗಾಗಿ 365 ದಿನ ಕಳೆದರೂ ವರ್ಷ ತುಂಬಿಲ್ಲ. ಜೂನ್ 1ಕ್ಕೇ ತುಂಬುವುದು. ಮಗುವಿಗೆ ವರ್ಷ ತುಂಬಿತು, ಅಜ್ಜಿಗೆ ಎಪ್ಪತ್ತು ತುಂಬಿತು, ಏಳು ತಿಂಗಳು ತುಂಬಿ ಎಂಟಕ್ಕೆ ಬಿತ್ತು ಅಂತ ದಿನಾ ಆಡುವ ಮಾತಿದು. ಇಷ್ಟು ಕರಾರುವಾಕ್ಕಾದ ಮಾತು ಮನೆಯಲ್ಲೇ ಇರುವಾಗ ‘ಅಂತರ’ ಯಾಕೆ?

ಇನ್ನೊಂದು ಮುಖ್ಯ ವಿಷಯ. ಕ್ಯಾಲ್ಕ್‌ನ ಡೇಟ್‌ಡಿಫ್‌ಗೆ ಇಂಗ್ಲಿಷಿನಲ್ಲಿ ಕೊನೆಗೆ ಒಂದೇ ‘ಎಫ್’; ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಕೊನೆಗೆ ಎರಡು ‘ಎಫ್’ ಇರುವ ಡೇಟ್‌ಡಿಫ್ ಬೇರೆಯೇ ಇದೆ. ಅದಕ್ಕೆ 2023ರ ಡಿಸೆಂಬರ್ 31 ಮತ್ತು ಮರುದಿನದ ಜನವರಿ 1 ಕೊಟ್ಟು ವರ್ಷ ಕೇಳಿದರೆ 1 ಅನ್ನುತ್ತದೆ, ಯಾಕೆಂದರೆ ಅದು ಎಣಿಸುವುದು ಎಷ್ಟು ಸಲ ವರ್ಷದ ಗಡಿ ದಾಟಿದೆ ಎಂಬುದನ್ನು. ಒಂದು ‘ತುಂಬಿದ’ ವರ್ಷ, ಇನ್ನೊಂದು ‘ದಾಟಿದ’ ವರ್ಷ. ಎರಡಕ್ಕೂ ‘ವ್ಯತ್ಯಾಸ’ ಅಂತ ಬರೆದರೆ ಓದುವವರು ಮೋಸ ಹೋಗುತ್ತಾರೆ.

‘ನಾಳೆಣಿಕೆ’ ಸೂಚಿಸಿದವರಿಗೆ: ‘ನಾಳ್’ ಹಳಗನ್ನಡದಲ್ಲಿ ದಿನ, ಒಪ್ಪಿದೆ. ಇವತ್ತಿನ ಓದುಗರಿಗೆ ಅದು ‘ನಾಳೆ ಎಣಿಕೆ’ ಅಂತಲೇ ಕೇಳುತ್ತದೆ. ಬೇಡ. ದಿನಾಂಕಕ್ಕೆ ‘ತಿಥಿ’ಯಂತೂ ಬೇಡವೇ ಬೇಡ, ಅದು ಚಂದ್ರನ ಲೆಕ್ಕ, 24 ಗಂಟೆಗೆ ಕಟ್ಟುಬಿದ್ದದ್ದಲ್ಲ.

‘ತಾರೀಕು’ ಅರಬ್ಬಿಯದ್ದು, ತೆಗೆಯಿರಿ ಅನ್ನುವವರ ಜೊತೆ ನನಗೆ ಜಗಳ ಇದ್ದೇ ಇದೆ. ಹಾಗೇ ಅರಬ್ಬಿ, ಪಾರಸಿಯಿಂದ ಬಂದ ಅರ್ಜಿ, ರಸೀದಿ, ವಕೀಲ, ಜಮೀನು ಇವನ್ನೆಲ್ಲ ಬಿಟ್ಟು ಒಂದು ದಿನ ಕಚೇರಿ ಕೆಲಸ ಮಾಡಿ ತೋರಿಸಲಿ. ‘ಇವತ್ತು ಎಷ್ಟನೇ ತಾರೀಕು’ ಅಂತ ಕೇಳದ ಕನ್ನಡಿಗರು ಯಾರಿದ್ದಾರೆ? ಇಲ್ಲಿ ‘ದಿನಾಂಕ’ ಇಟ್ಟಿರುವುದು ಅರ್ಜಿ ನಮೂನೆಗಳಲ್ಲೆಲ್ಲ ಅದೇ ಅಚ್ಚಾಗಿ ಕಣ್ಣಿಗೆ ಒಗ್ಗಿದೆ ಅಂತ, ಅದು ಜಾಸ್ತಿ ಶುದ್ಧ ಅಂತಲ್ಲ.

‘ಡಿ’, ‘ಎಂ’, ‘ವೈ’, ‘ಎಂಡಿ’ (ತುಂಬಿದ ತಿಂಗಳು, ವರ್ಷ ಬಿಟ್ಟು ಉಳಿದ ದಿನ) ಸಂಕೇತಗಳನ್ನು ಮಾತ್ರ ದಯವಿಟ್ಟು ಅನುವಾದಿಸಬೇಡಿ. ಅವು ಮೂಲದಲ್ಲಿ ಇರುವ ಹಾಗೇ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು, ಇಲ್ಲದಿದ್ದರೆ ಸೆಲ್‌ನಲ್ಲಿ ಉತ್ತರದ ಬದಲು ದೋಷದ ಸೂಚನೆ ಬರುತ್ತದೆ.